ಎಡಕ್ಕೆ ತಿರುಗಿದ ತಿಗರಿ

ಮಲಪ್ರಭೆಯ ದಂಡೆಯ ಕೆಸರಗುಂದಿಯಲ್ಲಿ ಶ್ರೀ ಅಡವಯ್ಯಸ್ವಾಮಿಗಳ ಮಠವೆಂದರೆ ಒಂದು ಮಣ್ಣಿನ ಪಡಸಾಲೆ, ಒಂದು ಬೇವಿನ ಮರ, ನೀರು ತುಂಬಿಡುವ ನಾಲ್ಕು ಗಡಿಗೆ. ಪಲ್ಲಕ್ಕಿ ಇರಲಿಲ್ಲ, ಬೆಳ್ಳಿಯ ಪಾದುಕೆಯೂ ಇರಲಿಲ್ಲ. ಪೂಜ್ಯರು ತಮ್ಮ ಕಾವಿಯನ್ನು ತಾವೇ ಒಗೆದು ಬೇವಿನ ಕೊಂಬೆಗೆ ಹರವುತ್ತಿದ್ದರು. ಊರ ಜೋಳಿಗೆಯಲ್ಲಿ ಬಂದ ರೊಟ್ಟಿಯೇ ಅವರ ಪ್ರಸಾದ. ಆ ಪುಣ್ಯಪುರುಷರನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೆ ಅವರಿಗೆ ಅಡ್ಡ ನಿಂತವನು ನನ್ನ ತಾಯಿಯ ತಂದೆ ಲಕ್ಕಪ್ಪಜ್ಜನೇ ಆದದ್ದರಿಂದ ಈ ಪ್ರಸಂಗವನ್ನು ಹೇಳುವ ಹಕ್ಕೂ ನನಗಿದೆ, ನಾಚಿಕೆಯೂ ಇದೆ. ಮನೆಯವರ ತಪ್ಪನ್ನು ಮುಚ್ಚಿಟ್ಟು ಗುರುಗಳ ಮಹಿಮೆ ಹಾಡುವುದು ನನ್ನಿಂದಾಗದು.

ನಮ್ಮ ಕಡೆ ಯುಗಾದಿಯ ಬೇವನ್ನು ಹೊಸ ಗಡಿಗೆಯಲ್ಲೇ ಕದಡಬೇಕು. ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು, ನೀರು ಕೂಡಿಸಿ ಬಟ್ಟಲಲ್ಲಿ ಹಾಕಿಕೊಂಡು ಕುಡಿಯುತ್ತೇವೆ. ಮಠದಲ್ಲಿ ಇದರ ಜೊತೆಗೆ ಸ್ವಾಮಿಗಳು ಹಾಕಿಕೊಟ್ಟ ಒಂದು ರೂಢಿಯಿತ್ತು. ಬಟ್ಟಲು ಹಿಡಿದವರು ಕುಡಿಯುವ ಮೊದಲು ಈ ವರ್ಷ ಏನನ್ನು ಕೈಗೆ ಹಿಡಿಯುತ್ತೇನೆಂದು ಎಲ್ಲರ ಎದುರು ಹೇಳಬೇಕು.

"ಬಿಡೂದು ಹೇಳಬ್ಯಾಡ್ರಿ. ಹಿಡಿಯೂದು ಹೇಳ್ರಿ" ಎನ್ನುತ್ತಿದ್ದರು ಪೂಜ್ಯರು.

ಜನ ಹೇಳುತ್ತಿದ್ದರು, ಹೇಳುವುದಕ್ಕೇನು ಕಷ್ಟ? ಒಬ್ಬ ದಿನಾ ಹೊತ್ತು ಮೂಡುವ ಮೊದಲು ಏಳುತ್ತೇನೆನ್ನುವನು. ಇನ್ನೊಬ್ಬ ಸೋಮವಾರದ ಉಪವಾಸ ಹಿಡಿಯುವನು, ಅದನ್ನು ಮೂರನೆಯ ಸೋಮವಾರಕ್ಕೆ ಮಿರ್ಚಿಯ ಜೊತೆ ನುಂಗುವನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕುಂಬಾರರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ವರ್ಷದ ಯುಗಾದಿಗೆ ನಮ್ಮ ಕೇರಿಯ ಬಾಳವ್ವನೂ ಮಠಕ್ಕೆ ಬಂದಿದ್ದಳು. ಮಾಘದಲ್ಲಿ ಅವಳ ಗಂಡ ತೀರಿಕೊಂಡಿದ್ದ. ಗಂಡುಮಕ್ಕಳಿರಲಿಲ್ಲ, ಇಬ್ಬರು ಹೆಣ್ಣುಮಕ್ಕಳು. ಸತ್ತವನ ತಿಗರಿಯನ್ನು, ಅಂದರೆ ಗಡಿಗೆ ಮಾಡುವ ಚಕ್ರವನ್ನು, ದೂರದ ಭಾವನೊಬ್ಬನಿಗೆ ಕೊಡಬೇಕೆಂದೂ ಅವಳು ಅವರ ಮನೆಯಲ್ಲಿ ಮಣ್ಣು ತುಳಿದುಕೊಂಡು ಇರಬೇಕೆಂದೂ ಕೇರಿಯ ಹಿರಿಯರು ತೀರ್ಮಾನಿಸಿದ್ದರು. ಹಿರಿಯರ ಹಿರಿಯ ನಮ್ಮ ಲಕ್ಕಪ್ಪಜ್ಜ. ಮಣ್ಣು ಹೊರುವುದಕ್ಕೆ ಹೆಣ್ಣು ಬೇಕು, ತುಳಿಯುವುದಕ್ಕೆ ಬೇಕು, ಬಡಿದು ನಯ ಮಾಡುವುದಕ್ಕೆ ಬೇಕು, ಬುಟ್ಟಿ ಹೊತ್ತು ಸಂತೆಯಲ್ಲಿ ಮಾರುವುದಕ್ಕೂ ಬೇಕು. ತಿಗರಿಯನ್ನು ಮಾತ್ರ ಹೆಣ್ಣು ಮುಟ್ಟಿದರೆ ಮೈಲಿಗೆ. ಎಂಥ ಶಾಸ್ತ್ರವೋ, ಯಾರು ಬರೆದರೋ.

ಬಾಳವ್ವ ಬಟ್ಟಲು ಹಿಡಿದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನಾ ತಿಗರಿ ಹಿಡೀತೀನ್ರಿ ಅಪ್ಪಾರ" ಎಂದು ಒಂದೇ ಉಸಿರಿಗೆ ಬೇವು ಕುಡಿದುಬಿಟ್ಟಳು.

ಪಡಸಾಲೆಯಲ್ಲಿ ಗದ್ದಲವೆದ್ದಿತು. ಲಕ್ಕಪ್ಪಜ್ಜ ಎದ್ದು ನಿಂತು, "ಅಪ್ಪಾರ, ಈ ಮಾತಿಗೆ ನೀವು ಹೂಂ ಅಂದ್ರ ನಮ್ಮ ಕೇರಿಯಿಂದ ಮಠಕ್ಕ ಇನ್ನ ಒಂದು ಗಡಿಗೀನೂ ಬರೂದಿಲ್ಲ" ಎಂದ.

ಪೂಜ್ಯರು ಎದ್ದು ಒಳಗೆ ಹೋದರು. ನಾಲ್ಕು ಗಡಿಗೆಗಳನ್ನು ಒಂದೊಂದಾಗಿ ಹೊತ್ತು ತಂದು, ನೀರನ್ನೆಲ್ಲ ಬೇವಿನ ಬುಡಕ್ಕೆ ಸುರಿದು, ಖಾಲಿ ಗಡಿಗೆಗಳನ್ನು ನಮ್ಮಜ್ಜನ ಕಾಲಬಳಿ ಸಾಲಾಗಿ ಇಟ್ಟರು.

"ಇವೂ ನಿಮ್ಮ ಕೇರೀವ. ಒಯ್ಯಿರಿ" ಎಂದರು. "ಬಾಳವ್ವನ ಕೈಯಾಗಿನ ಗಡಿಗಿ ಬರೂತನಕ ನಾ ಹೊಳೀಗೆ ಹೋಗಿ ಬೊಗಸೀಲೆ ಕುಡೀತೀನಿ. ಈ ವರ್ಷ ನಾ ಹಿಡಿದದ್ದು ಇದು."

ಆಗ ಸ್ವಾಮಿಗಳಿಗೆ ಎಪ್ಪತ್ತೆರಡು ವರ್ಷ. ಮಠದಿಂದ ಹೊಳೆಗೆ ಅರ್ಧ ಹರದಾರಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ದಿನಕ್ಕೆ ಮೂರು ಸಲ ಹೋಗಿಬರುತ್ತಿದ್ದರು. ಹೊಳೆ ಬತ್ತಿದಾಗ ಉಸುಕಿನಲ್ಲಿ ಕೈಯಿಂದ ಗುಂಡಿ ತೋಡಿ, ಒಸರಿದ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದರು. ಗೌಡರ ಮನೆಯವರು ತಾಮ್ರದ ಕೊಡ ತಂದಿಟ್ಟರು. ಪೂಜ್ಯರು ಅದರಲ್ಲಿ ದನಗಳಿಗೆ ನೀರು ಹಾಕಿದರು, ತಾವು ಮುಟ್ಟಲಿಲ್ಲ.

ಇತ್ತ ಬಾಳವ್ವ ಕೆರೆಯ ಮಣ್ಣು ತಾನೇ ಅಗೆದು ತಂದು, ಪೂಜ್ಯರು ಹಿಡಿದ ಮಾತಿಗೆ ಅಂಜಿ ಯಾರೂ ಒಯ್ಯದೆ ಬಿಟ್ಟ ಗಂಡನ ತಿಗರಿಯನ್ನು ಹಿತ್ತಲಿನಲ್ಲಿ ಹೂಡಿಕೊಂಡು ಕುಳಿತಳು. ಕೋಲು ಹಾಕಿ ತಿರುಗಿಸುವಳು, ಮುದ್ದೆ ಇಡುವಳು, ಮಣ್ಣು ಮೊಳಕೈ ಎತ್ತರಕ್ಕೆ ಏಳುವುದರೊಳಗೆ ಒಂದು ಕಡೆಗೆ ವಾಲಿ ಕುಸಿಯುವುದು. ಮತ್ತೆ ಕಲಸುವಳು, ಮತ್ತೆ ಕುಸಿಯುವುದು. ಅವಳ ಹಿತ್ತಲಿಗೂ ನಮ್ಮಜ್ಜನ ಹಿತ್ತಲಿಗೂ ನಡುವೆ ಒಂದೇ ಮೋಟುಗೋಡೆ. ಅಜ್ಜ ಗೋಡೆಗೆ ಒರಗಿ ನಿಂತು ನೋಡಿ ನಗುತ್ತಿದ್ದ. ಅವಳ ಗಡಿಗೆ ಯಾಕೆ ಕುಸಿಯುತ್ತದೆಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಕೈಬೆರಳೆತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಮುಪ್ಪಿನಲ್ಲಿ ಅವನೇ ಇದನ್ನು ನಮ್ಮವ್ವನ ಮುಂದೆ ಹೇಳಿಕೊಂಡು ಅತ್ತನಂತೆ. ಅಳಲಿ, ಅಳಬೇಕಾದದ್ದೇ.

ಮಳೆಗಾಲ ಬಂದು ಹೋಯಿತು. ಕಾರ್ತಿಕದ ಚಳಿಯಲ್ಲಿ ಹೊಳೆಗೆ ಇಳಿದ ಸ್ವಾಮಿಗಳಿಗೆ ಜ್ವರ ಹಿಡಿಯಿತು. ಜ್ವರದಲ್ಲಿಯೂ ಕೋಲೂರಿಕೊಂಡು ಹೊಳೆಗೆ ಹೋಗುವುದು ತಪ್ಪಲಿಲ್ಲ. ಊರು ಬಾಳವ್ವನನ್ನು ಬೈಯತೊಡಗಿತು. ಒಂದು ಮುಂಜಾನೆ ಅವಳು ಮಠಕ್ಕೆ ಓಡಿಬಂದು ಪಾದದ ಮೇಲೆ ಬಿದ್ದಳು.

"ನನ್ನ ಹಟಕ್ಕ ನೀವ್ಯಾಕ ಜೀವ ತೇಯ್ತೀರಿ ಅಪ್ಪಾರ. ನಾ ಬಿಟ್ಟೆ. ಆ ತಿಗರಿ ಅವರೇ ಒಯ್ಯಲಿ."

ಪೂಜ್ಯರು, "ನೀ ಬಿಟ್ಟರ ನಿಂದು ಬಿಟ್ಟಿ, ತಂಗಿ. ನಂದು ನಾ ಬಿಟ್ಟಿಲ್ಲ" ಎಂದರು. ಕೋಲು ತೆಗೆದುಕೊಂಡು, "ನಡಿ, ನಿನ್ನ ಹಿತ್ತಲಾ ನೋಡೂಣು" ಎಂದು ಮುಂದೆ ನಡೆದರು.

ಹಿತ್ತಲಿನಲ್ಲಿ ಪೂಜ್ಯರು ನೆಲದ ಮೇಲೆಯೇ ಕುಳಿತು, ಅವಳಿಂದ ಮೂರು ಸಲ ಮಣ್ಣು ಏರಿಸಿದರು. ಮೂರು ಸಲವೂ ಕುಸಿಯಿತು.

"ಈ ಕೆಲಸ ಎಲ್ಲಿ ಕುಂತು ಕಲ್ತಿ?"

"ಅವರ ಎದುರಿಗೆ ಕುಂತು ಮಣ್ಣಿನ ಮುದ್ದಿ ಕೊಡ್ತಿದ್ದೆ. ಹದಿನೆಂಟು ವರ್ಷ ಅವರ ಕೈ ನೋಡೇನ್ರಿ."

ಸ್ವಾಮಿಗಳು ತಿಗರಿಯ ಎದುರಿಗೆ ಸರಿದು ಕುಳಿತು ಅವಳ ಕೈಗಳನ್ನು ಬಹಳ ಹೊತ್ತು ನೋಡಿದರು. ತಮ್ಮ ಎರಡು ಕೈಗಳನ್ನೂ ಅವಳ ಮುಂದೆ ಎತ್ತಿ ಹಿಡಿದು, "ಎದುರಿಗೆ ಕುಂತವರಿಗೆ ಬಲಗೈ ಎಡಕ್ಕ ಕಾಣತೈತಿ, ತಂಗಿ" ಎಂದರು.

ಬಾಳವ್ವ ತನ್ನ ಕೈಗಳನ್ನು ನೋಡಿಕೊಂಡಳು. ಗಂಡ ಎಡಗೈಯನ್ನು ಗಡಿಗೆಯ ಒಳಗೆ ಇಡುತ್ತಿದ್ದ. ಎದುರಿಗೆ ಕುಳಿತು ಕಲಿತ ಇವಳು ಬಲಗೈ ಇಡುತ್ತಿದ್ದಳು. ತಿಗರಿ ಮಾತ್ರ ಅವನಂತೆಯೇ ಬಲಕ್ಕೆ ತಿರುಗುತ್ತಿತ್ತು. ಅವಳು ಕೈ ಬದಲಿಸಿ ನೋಡಿದಳು, ಹದಿನೆಂಟು ವರ್ಷ ಕಣ್ಣಿನಲ್ಲಿ ಕುಳಿತದ್ದು ಕೇಳೀತೆ? ಬೆರಳು ಮಾತೇ ಕೇಳಲಿಲ್ಲ.

"ಕೈ ಬದಲಾಗದಿದ್ರ ತಿಗರಿ ಎಡಕ್ಕ ತಿರುಗಲಿ" ಎಂದರು ಪೂಜ್ಯರು.

ಗೋಡೆಯ ಆಚೆಯಿಂದ ನಮ್ಮಜ್ಜ ತಡೆಯಲಾರದೆ, "ಅದು ಅಪ್ರದಕ್ಷಿಣಿ ಆಗತೈತ್ರಿ ಅಪ್ಪಾರ. ನಮ್ಮ ಕುಲದಾಗ ಯಾರೂ ಎಡಕ್ಕ ತಿರುಗಿಸಿಲ್ಲ" ಎಂದ.

ಸ್ವಾಮಿಗಳು ಅವನತ್ತ ತಿರುಗಿ, "ಮಣ್ಣಿಗೆ ಎಡ ಬಲ ಇಲ್ಲ, ಲಕ್ಕಪ್ಪ. ನಿನಗೈತಿ" ಎಂದರು.

ಬಾಳವ್ವ ಕೋಲು ಹಾಕಿ ತಿಗರಿಯನ್ನು ಎಡಕ್ಕೆ ಬಿಟ್ಟಳು. ಮಣ್ಣು ಎದ್ದಿತು, ಕುಸಿಯಲಿಲ್ಲ. ಬಾಯಿ ಸೊಟ್ಟಗಿತ್ತು, ಆದರೂ ಗಡಿಗೆ ನಿಂತಿತು. ಅವಳು ಅಳುತ್ತ ನಗುತ್ತ ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡಳು. "ಇದು ಸೊಟ್ಟ ಐತ್ರಿ. ಯುಗಾದಿಗೆ ಚಲೋದು ತರ್ತೀನಿ, ಅಲ್ಲೀತನಕ ಇದರಾಗ ಕುಡೀರಿ" ಎಂದು ಬೇಡಿಕೊಂಡಳು. ಪೂಜ್ಯರು, "ಹಸಿ ಗಡಿಗ್ಯಾಗ ನೀರು ನಿಂದ್ರತೈತೇನು? ಸುಡು, ತಾ. ನಾ ಎಲ್ಲೂ ಹೋಗೂದಿಲ್ಲ" ಎಂದು ನಕ್ಕು ಹೊಳೆಯ ಕಡೆಗೆ ಹೊರಟರು.

ಕೇರಿಯವರು ಗಡಿಗೆ ಸುಡಲು ತಮ್ಮ ಆವಿಗೆಯಲ್ಲಿ ಅವಳಿಗೆ ಜಾಗ ಕೊಡಲಿಲ್ಲ. ಅವಳು ಹೊಳೆಯ ದಂಡೆಯಲ್ಲೇ ಗುಂಡಿ ತೋಡಿ, ಸಗಣಿಯ ಕುಳ್ಳು ಒಟ್ಟಿ ಸುಟ್ಟಳು. ಮೊದಲ ಸುಡುವಿಕೆಯಲ್ಲಿ ಎಲ್ಲ ಬಿರುಕು ಬಿಟ್ಟವು. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ಎರಡು ಉಳಿದವು.

ಯುಗಾದಿಯ ದಿನ ಅವೆರಡನ್ನೂ ಹೊತ್ತು ಮಠಕ್ಕೆ ಬಂದಳು. ಪಡಸಾಲೆ ತುಂಬಿತ್ತು. ಹೆಂಗಸಿನ ಗಡಿಗೆ ಸೋರುವುದನ್ನು ನೋಡಲೆಂದೇ ಬಂದವರೂ ಇದ್ದರು, ನಮ್ಮಜ್ಜ ಅವರಲ್ಲಿ ಮೊದಲಿಗ. ಪೂಜ್ಯರು ಒಂದು ಗಡಿಗೆಯನ್ನು ಅವನ ಮುಂದೆಯೇ ಇಟ್ಟು, "ನೀನೇ ನೋಡಿ ಹೇಳು" ಎಂದರು.

ಅಜ್ಜ ಕುಕ್ಕರುಗಾಲಲ್ಲಿ ಕುಳಿತು ಗಡಿಗೆಯನ್ನು ಎತ್ತಿದ, ತಿರುಗಿಸಿದ. ಬೆರಳಿನ ಗಿಣ್ಣಿನಿಂದ ಬಾರಿಸಿದ. ಠಣ್ ಎಂದಿತು. ಇನ್ನೊಂದು ಕಡೆ ಬಾರಿಸಿದ, ಅಲ್ಲಿಯೂ ಅದೇ ದನಿ. ನಮ್ಮ ಜಾತಿಯವರು ಯಾವುದರಲ್ಲಿ ಸುಳ್ಳಾಡಿದರೂ ಗಡಿಗೆಯ ದನಿಯ ವಿಷಯದಲ್ಲಿ ಆಡಲಾರರು. ಅವನು ತಲೆ ತಗ್ಗಿಸಿ, "ಗಟ್ಟಿ ಐತ್ರಿ" ಎಂದ.

ಆ ಗಡಿಗೆಯಲ್ಲೇ ಬೇವು ಕದಡಿದರು. ಪೂಜ್ಯರು ಮೊದಲ ಬಟ್ಟಲನ್ನು ಅವನಿಗೇ ಕೊಟ್ಟರು.

"ಈ ವರ್ಷ ಏನು ಹಿಡೀತಿ, ಲಕ್ಕಪ್ಪ?"

ಅಜ್ಜ ಬಟ್ಟಲು ಹಿಡಿದು ಬಾಳವ್ವನ ಕಡೆಗೆ ತಿರುಗಿದನಂತೆ. "ನನ್ನ ಮಗಳು ಯಮನವ್ವನ್ನ ಈ ತಾಯಿ ಎದುರಿಗೆ ಕುಂದ್ರಸ್ತೀನ್ರಿ. ತಿಗರಿ ಕಲೀಲಿ."

"ಎದುರಿಗೆ ಬ್ಯಾಡ" ಎಂದರು ಸ್ವಾಮಿಗಳು. "ಬಾಜೂಕ ಕುಂದ್ರಸು."

ಅಜ್ಜ ಬೇವು ಕುಡಿದ. ಎದ್ದು ಇನ್ನೊಂದು ಗಡಿಗೆಯನ್ನು ಹೆಗಲಿಗೇರಿಸಿಕೊಂಡು ಹೊಳೆಗೆ ನಡೆದ. ತುಂಬಿ ತಂದು, ಬಟ್ಟಲಲ್ಲಿ ನೀರು ಹಾಕಿ ಎರಡೂ ಕೈಯಲ್ಲಿ ಪೂಜ್ಯರ ಮುಂದೆ ಹಿಡಿದ. ಸ್ವಾಮಿಗಳು ಒಂದು ವರ್ಷದ ಮೇಲೆ ಮಠದಲ್ಲಿ ಕುಳಿತು ನೀರು ಕುಡಿದರು.

ಯಮನವ್ವ ನಮ್ಮ ತಾಯಿ. ಅವಳು ಬಾಳವ್ವನ ಬಾಜೂಕ ಕುಳಿತು ಕಲಿತಳು, ನಾನು ನಮ್ಮವ್ವನ ಬಾಜೂಕ. ಯುಗಾದಿಗೆ ಮಠದ ಗಡಿಗೆ ನಮ್ಮ ಮನೆಯಿಂದಲೇ ಹೋಗುತ್ತದೆ. ಪರ ಊರಿನ ಕುಂಬಾರರು ಬಂದು ನೋಡಿ, ಇದೇನವ್ವಾ, ನಿಮ್ಮ ತಿಗರಿ ಎಡಕ್ಕ ತಿರಗತೈತಲ್ಲ ಎಂದು ನಗುತ್ತಾರೆ. ನಾನು ಕೈ ನಿಲ್ಲಿಸುವುದಿಲ್ಲ. ಹೌದು, ನಮ್ಮದು ಹಿಂಗ ತಿರಗತೈತಿ ಎನ್ನುತ್ತೇನೆ.