ಸಾರಂಗದ ಗಾಲಿಗೆ ಕಲ್ಲು

“ಹೊಳೆಸಾಲಿನ ಪ್ರಜೆಗಳೆಲ್ಲ ಕೇಳಿ. ಅರಮನೆಯಂಗಳದಲ್ಲಿ ಗಜರಾಜ, ಭೀಮ, ಸಾರಂಗ ಎಂಬ ಮೂರು ಹಳೆಯ ಟ್ರ್ಯಾಕ್ಟರುಗಳು ನಿಂತಿವೆ. ಅವುಗಳ ಮೇಲೆ ದೊರೆ ಬಸವಂತರಾಯರು ಮೂರು ಒಗಟು ಒಡ್ಡುತ್ತಾರೆ. ಒಡೆದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ.”

ಡಂಗುರದವನು ಸಾರಿದ್ದು ಇಷ್ಟೇ. ಉಳಿದದ್ದು ಊರಿಗೇ ಗೊತ್ತಿತ್ತು. ಹೋದ ತಿಂಗಳು ದೊರೆಯ ಕಣ್ಣೆದುರೇ ಯುವರಾಜ ಹೊಳೆ ದಾಟುವಾಗ ಸಾರಂಗ ನಡುನೀರಿನಲ್ಲಿ ನಿಂತುಬಿಟ್ಟಿತ್ತು. ಪ್ರವಾಹ ಅವನನ್ನು ಕೊಚ್ಚಿಕೊಂಡು ಹೋಗಿತ್ತು. ಅದರ ರಿಪೇರಿ ನೋಡುತ್ತಿದ್ದ ಮೇಸ್ತ್ರಿ ಸೋಮಲಿಂಗ ಸೆರೆಯಲ್ಲಿದ್ದ, ಅಮಾವಾಸ್ಯೆಗೆ ಅವನಿಗೆ ಗಲ್ಲು. ಅವನ ಮಗಳು ಹಾಲವ್ವ, ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದು ಕೈ ಕಪ್ಪಾದವಳು, ಅದೇ ಅಮಾವಾಸ್ಯೆಯ ಬೆಳಿಗ್ಗೆ ಬಂದು ಸಾಲಿನ ಕೊನೆಗೆ ನಿಂತಳು.

ದೊರೆ ಕೇಳಿದ, “ಗಜರಾಜ ಹತ್ತು ವರ್ಷದಲ್ಲಿ ಒಮ್ಮೆಯೂ ಕೆಟ್ಟಿಲ್ಲ. ಆದರೂ ನನ್ನ ರೈತರು ಅದನ್ನು ನಂಬುವುದಿಲ್ಲ. ಏಕೆ?”

“ರೈತರಿಗೆ ಬುದ್ಧಿ ಕಡಿಮೆ, ಪ್ರಭು,” ಎಂದ ಟ್ರ್ಯಾಕ್ಟರು ಮಾರುವ ಪೇಟೆಯ ವರ್ತಕ. ಅವನನ್ನು ಎಳೆದೊಯ್ದರು. “ಅದರ ಬಣ್ಣ ಅಪಶಕುನ,” ಎಂದ ಮಂತ್ರಿಯ ಮಗ. ಮಂತ್ರಿ ಮುಖ ಮುಚ್ಚಿಕೊಂಡ. ಉಳಿದವರಿಗೆ ಮನೆಯ ಕೆಲಸಗಳು ನೆನಪಾದವು. ನಿಂತವಳು ಹಾಲವ್ವ ಒಬ್ಬಳೇ.

“ಮೆರವಣಿಗಿ ಬಿಟ್ರ ಅದು ಹೊಲಕ್ಕ ಇಳದಿಲ್ಲರಿ. ನೇಗಿಲು ಸಿಗಿಸೋ ಕೊಕ್ಕಿ ಬಣ್ಣ ಇನ್ನೂ ಹಂಗ ಐತಿ. ದುಡೀಲಾರದ್ದು ಕೆಡೂದು ಹೆಂಗ್ರಿ?”

ದೊರೆ ತಲೆಯಾಡಿಸಿದ. “ಭೀಮ ದಿನವೂ ಎಣ್ಣೆ ಸೋರುತ್ತದೆ. ಆದರೂ ಬಿತ್ತನೆಗೆ ಎಲ್ಲರೂ ಅದನ್ನೇ ಬೇಡುತ್ತಾರಲ್ಲ?”

“ಅದರ ರೋಗ ಕಣ್ಣಿಗೆ ಕಾಣ್ತೈತ್ರಿ. ಸೋರಿದಷ್ಟು ಮುಂಜಾನೆ ಹಾಕಿದ್ರ ಸಂಜೀತನಕ ದುಡೀತೈತಿ. ಉಳಿದವು ಒಳಗ ಏನು ಮುಚ್ಚಿಟ್ಟಾವೋ ಯಾರು ಬಲ್ಲರು?”

ದೊರೆಯ ದನಿ ಇಳಿಯಿತು. “ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಸಾರಂಗ ನನ್ನ ಮಗನನ್ನು ಏಕೆ ಕೈಬಿಟ್ಟಿತು? ಸುಳ್ಳಾಡಿದರೆ ಅಪ್ಪ ಮಗಳಿಗೆ ಒಂದೇ ಹಗ್ಗ.”

ಹಾಲವ್ವ ಸಾರಂಗದತ್ತ ಕೈ ತೋರಿಸಿದಳು. “ಇಲ್ಲೂ ಅದನ್ನ ಇಳಿಜಾರಿಗೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟಾರ ನೋಡ್ರಿ. ನಂಬಿಕಿ ಇದ್ದವು ಸಪಾಟಿನ್ಯಾಗ ನಿಂದರ್ತಾವು. ಇದು ಚಾವಿಗೆ ಚಾಲೂ ಆಗೂದಿಲ್ಲ, ಕಲ್ಲು ತಗದು ಉರುಳಿಸಬೇಕು. ಹೊಳಿಯಾಗ ಇಳಿಜಾರು ಎಲ್ಲಿಂದ ತರೂದು?”

“ಹಾಗಾದರೆ ನಿನ್ನಪ್ಪನಿಗೆ ಗೊತ್ತಿತ್ತು.”

ಕಾವಲಿನವರು ಹತ್ತಿರ ಬಂದರು. ಹಾಲವ್ವ ಹಿಂದೆ ಸರಿಯಲಿಲ್ಲ. ಇಲ್ಲಿ ಸುಮ್ಮನಾದರೆ ಅಪ್ಪ ಉಳಿಯುವುದಿಲ್ಲ, ಮುಂದೆ ಮಾತಾಡಿದರೆ ತಾನೂ ಉಳಿಯಲಿಕ್ಕಿಲ್ಲ.

“ಗೊತ್ತಿತ್ರಿ. ದಂಡಿ ಮುಟ್ಟೂತನಕ ಇಂಜಿನ್ ಆರಿಸಬ್ಯಾಡ್ರಿ ಅಂತ ಯುವರಾಜರಿಗೂ ಹೇಳಿದ್ದ. ಸಾರಂಗ ತಾನಾಗಿ ನಿಂತಿಲ್ಲ, ದೊರೀ. ಅದನ್ನ ಯುವರಾಜರೇ ಆರಿಸಿದ್ದು. ತಾವು ಮಾತಾಡುವಾಗ ಈ ರಾಜ್ಯದಾಗ ಯಾವ ಇಂಜಿನ್ ಆರಿಸದ ಉಳದೈತಿ?”

ಕಾಯ್ದೆ ಹಾಗೇ ಇತ್ತು. ದೊರೆ ಬಾಯಿ ತೆರೆದರೆ ಸುತ್ತಲಿನ ಇಂಜಿನ್ನೆಲ್ಲ ಆರಬೇಕು. ಬಸವಂತರಾಯ ಎದ್ದು ಸಾರಂಗದ ಹತ್ತಿರ ಹೋಗಿ ನಿಂತ.

“ನಾನೇ ದಂಡೆಯಿಂದ ಕೂಗಿದೆ,” ಎಂದ. “ಹುಷಾರು ಮಗನೇ, ಅಂತ.”

ಸೋಮಲಿಂಗನನ್ನು ಬಿಟ್ಟರು, ವರ್ತಕನನ್ನೂ ಮಂತ್ರಿಯ ಮಗನನ್ನೂ ಬಿಟ್ಟರು. ಏನು ಬೇಕೆಂದು ಕೇಳಿದ್ದಕ್ಕೆ ಹಾಲವ್ವ ಭೀಮನನ್ನು ಬೇಡಿದಳು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಾಲೂ ಮಾಡಿದಳು. ದೊರೆ ಏನೋ ಹೇಳಲು ಹತ್ತಿರ ಬಂದ. ರೂಢಿಯಂತೆ ಅವಳ ಕೈ ಇಂಜಿನ್ ಆರಿಸಲು ಹೋಯಿತು. ಬೇಡವೆಂದು ದೊರೆ ಕೈಸನ್ನೆ ಮಾಡಿದ. ಹೇಳಬೇಕಾದ್ದನ್ನು ಆ ಸದ್ದಿನಲ್ಲೇ ಹೇಳಿದ. ಯಾರಿಗೂ ಕೇಳಿಸಲಿಲ್ಲ.