ಉಗುಳುವುದಕ್ಕೆ ಕೊಟ್ಟ ದುಡ್ಡು

ಹುಬ್ಬಳ್ಳಿಯಲ್ಲಿ ತುಳಜನಸಾ ಎಂಬ ಖಾನಾವಳಿ ಮಾಲೀಕನಿದ್ದ. ಅವನ ಮಟನ್ ಸಾರು ಎಷ್ಟು ಖಾರವೆಂದರೆ ಉಣ್ಣುವವರ ಕಣ್ಣಲ್ಲೂ ಮೂಗಲ್ಲೂ ನೀರಿಳಿಯುತ್ತಿತ್ತು. ಆದರೂ ಮರುದಿನ ಅವರೇ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಈ ಸಾರಿನ ಜೊತೆಗೆ ವೈನ್ ಇಟ್ಟರೆ ಹೇಗೆ ಎಂದು ಅವನಿಗೆ ಒಂದು ದಿನ ಹೊಳೆಯಿತು. ಓಡಾಡಿ ಪರವಾನಗಿ ತಂದ. ಆದರೆ ಕೈಯಲ್ಲಿದ್ದ ಹಣ ಒಂದೇ ಬಗೆಯ ವೈನ್ ತರುವಷ್ಟಿತ್ತು. ತಂದದ್ದು ಸಾರಿನ ಮುಂದೆ ಸಪ್ಪೆಯಾದರೆ, ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ನೀರುಪಾಲು.

ಅದಕ್ಕೇ ಅವನು ಹೆಂಡತಿ ರೇಣುಕಾಬಾಯಿಯನ್ನೂ ಕರೆದುಕೊಂಡು ವಿಜಯಪುರದ ಕಡೆಯ ದ್ರಾಕ್ಷಿ ತೋಟಗಳ ನಡುವಿನ ಒಂದು ವೈನರಿಗೆ ಹೋದ. ಖಾನಾವಳಿಯ ಮಸಾಲೆ ಅವಳ ಕೈಯದೇ. ರುಚಿಯ ವಿಷಯದಲ್ಲಿ ಅವಳನ್ನು ಕೇಳದೆ ಅವನು ಉಪ್ಪನ್ನೂ ಬದಲಿಸುತ್ತಿರಲಿಲ್ಲ.

ವೈನರಿಯ ಒಡತಿ ಇಂದುಮತಿ ಇಬ್ಬರನ್ನೂ ಕೂರಿಸಿ ಹೇಳಿದಳು: "ಆರು ಥರದ ವೈನ್ ಅದಾವ್ರೀ. ರುಚಿ ನೋಡಾಕ ತಲಾ ನಾಲ್ಕುನೂರು ರೂಪಾಯಿ."

ತುಳಜನಸಾ ಕುರ್ಚಿಯಿಂದ ಅರ್ಧ ಎದ್ದ. "ರುಚಿ ನೋಡಾಕ ದುಡ್ಡಾ? ಸಂತಿಯಾಗ ನಾಲ್ಕು ದ್ರಾಕ್ಷಿ ಬಾಯಿಗೆ ಹಾಕ್ಕೊಂಡ್ರ ಯಾರೂ ಕಾಸು ಕೇಳೂದಿಲ್ರೀ ಅಕ್ಕಾರ!"

"ನಾಲ್ಕು ಹಣ್ಣು ಕಿತ್ತರ ಗೊಂಚಲಕ್ಕ ಏನೂ ಆಗೂದಿಲ್ರೀ ಸಾವಕಾರ್ರ. ಇಲ್ಲಿ ನಿಮ್ಮ ಸಲುವಾಗಿ ಆರು ಬಾಟ್ಲಿ ತೆಗೀಬೇಕು. ತೆಗೆದಿದ್ದು ಭಾಳ ದಿನ ಉಳಿಯೂದಿಲ್ಲ."

ಮಾತು ನ್ಯಾಯವಾಗಿತ್ತು. ತುಳಜನಸಾ ಗೊಣಗುತ್ತಲೇ ದುಡ್ಡು ಕೊಟ್ಟ. ದುಡ್ಡು ಕೈಬಿಟ್ಟಿತು, ಮನಸ್ಸು ಮಾತ್ರ ಅದನ್ನು ಬಿಡಲಿಲ್ಲ.

ಇಂದುಮತಿ ಮೊದಲ ಗ್ಲಾಸುಗಳ ತಳದಲ್ಲಿ ಒಂದಿಷ್ಟು ವೈನ್ ಹಾಕಿದಳು. ಪಕ್ಕದಲ್ಲಿ ಒಂದು ಬೋಗುಣಿ ಇಟ್ಟಳು. "ಬಾಯಾಗ ಆಡಿಸಿ, ರುಚಿ ತಿಳಕೊಂಡು, ಇದರಾಗ ಉಗುಳ್ರಿ."

ರೇಣುಕಾಬಾಯಿಗೆ ಇದು ಸರಿಕಂಡಿತು. ಸಾರಿನ ಹದ ನೋಡಲು ಯಾರಾದರೂ ಪಾತ್ರೆಗಟ್ಟಲೆ ಕುಡಿಯುತ್ತಾರೆಯೇ? ಅವಳು ಒಂದು ಗುಟುಕು ತೆಗೆದುಕೊಂಡು ಉಗುಳಿದಳು. ಅದನ್ನು ನೋಡಿ ಗಂಡನ ಹೊಟ್ಟೆ ಉರಿದುಹೋಯಿತು.

"ಏ, ಏನ್ ಮಾಡಾಕತ್ತಿ? ನಾಲ್ಕುನೂರು ಕೊಟ್ಟು ಉಗುಳೂದಾ? ಇದು ಹೊಳಿಯಾಗ ಹುಣಸಿಹಣ್ಣು ಕಿವಿಚಿದಂಗ ಆತು!" ಎಂದವನೇ ತನ್ನ ಗ್ಲಾಸು ಬರಿದು ಮಾಡಿ, ಅವಳ ಗ್ಲಾಸಿನಲ್ಲಿ ಉಳಿದದ್ದನ್ನೂ ಎತ್ತಿ ಕುಡಿದ.

ಎರಡನೆಯದು ಬಂತು. ಅವಳ ಕೈ ಗ್ಲಾಸಿಗೆ ಹೋಗುವಷ್ಟರಲ್ಲಿ ಎರಡೂ ಖಾಲಿ. ಮೂರನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಪಾಪ, ರೇಣುಕಾಬಾಯಿಯ ಪಾಲಿಗೆ ಉಳಿದದ್ದು ಬರೀ ವಾಸನೆ. ಆರನೆಯದು ಮುಗಿಯುವ ಹೊತ್ತಿಗೆ ತುಳಜನಸಾನಿಗೆ ಜಗತ್ತಿನ ಮೇಲೆಲ್ಲ ಪ್ರೀತಿ ಉಕ್ಕಿತ್ತು.

"ಒಂದಕ್ಕಿಂತ ಒಂದು ಭಾರಿ ಅದಾವ್ರೀ! ಈ ಕಡೀದ್ದ ಕೊಡ್ರಿ. ತಗೋರಿ ಹಣ," ಎಂದು ಗಂಟು ಬಿಚ್ಚಿದ.

ರೇಣುಕಾಬಾಯಿ ಅವನ ಕೈ ಹಿಡಿದಳು. "ಅಲ್ರೀ, ನಮ್ಮ ಸಾರಿಗೆ ಯಾವುದು ಹೊಂದತೈತಿ ಅಂತ ನೋಡಿದ್ರೇನು?"

"ಎಲ್ಲಾ ಹೊಂದತಾವ ಬಿಡ!"

ಮಾಲು ಮಾರಬೇಕಾದ ಇಂದುಮತಿ ಗಂಟಿಗೆ ಕೈ ಹಾಕಲಿಲ್ಲ. ಒಂದು ಬಾಟಲಿಯಿಂದ ಎರಡು ಗ್ಲಾಸಿಗೆ ಹನಿಯಷ್ಟು ಸುರಿದು ಅವನ ಮುಂದಿಟ್ಟಳು. "ಇವೆರಡರಾಗ ಯಾವುದು ಚಲೋ ಐತಿ, ಹೇಳ್ರಿ ನೋಡೂಣು."

ತುಳಜನಸಾ ಎರಡನ್ನೂ ಕುಡಿದು ತಲೆದೂಗಿದ. "ಈ ಎಡಗಡೀದು ಅಮೃತ. ಬಲಗಡೀದು ಏನೂ ಇಲ್ರೀ, ಬರೀ ನೀರು."

"ಎರಡೂ ಒಂದ ಬಾಟ್ಲೀದ್ರೀ," ಎಂದಳು ರೇಣುಕಾಬಾಯಿ, ಮೆಲ್ಲಗೆ. ಅವಳ ಕಣ್ಣಲ್ಲಿ ನೀರಿತ್ತು, ಅದು ಖಾರಕ್ಕೆ ಬಂದದ್ದಲ್ಲ.

ಅವನ ಅಮಲು ಅರ್ಧ ಇಳಿಯಿತು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟುತ್ತಾ ಕೇಳಿದ: "ಹಂಗಾದ್ರ ನಾ ಕೊಟ್ಟ ದುಡ್ಡು ಯಾತಕ್ಕ ಆತ್ರೀ ಅಕ್ಕಾರ?"

ಒಳ್ಳೆಯ ಪ್ರಶ್ನೆ. ಇದನ್ನು ಮೊದಲ ಗ್ಲಾಸಿಗಿಂತ ಮುಂಚೆಯೇ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಇಂದುಮತಿ ನಕ್ಕಳು. "ಮೊದಲ ಪುಕ್ಕಟ ಕೊಡತಿದ್ದೆ. ಪುಕ್ಕಟ ಅಂತ ಮಂದಿ ಕುಡೀತಿದ್ರು. ಈಗ ದುಡ್ಡು ತಗೋತೀನಿ. ದುಡ್ಡು ಕೊಟ್ಟೀವಿ ಅಂತ ಕುಡೀತಾರ. ರುಚಿ ನೋಡೂ ಮಂದಿ ಆಗಲೂ ಕಡಿಮಿ, ಈಗಲೂ ಕಡಿಮಿ. ನೀವು ದುಡ್ಡು ಕೊಟ್ಟಿದ್ದು ನಾಲಿಗಿಗೆ ತಿಳೀಲಿ ಅಂತ್ರೀ, ಹೊಟ್ಟಿ ತುಂಬಲಿ ಅಂತ ಅಲ್ಲ. ಇವತ್ತು ನಾ ಏನೂ ಮಾರೂದಿಲ್ಲ. ನಾಳೆ ಬರ್ರಿ."

ಆ ರಾತ್ರಿ ಅವರು ವಿಜಯಪುರದ ನೆಂಟರ ಮನೆಯಲ್ಲಿ ಉಳಿದರು. ರೇಣುಕಾಬಾಯಿ ಅಲ್ಲಿನ ಒಲೆಯ ಮೇಲೆಯೇ ತಮ್ಮ ಖಾನಾವಳಿಯ ಸಾರು ಮಾಡಿ ಡಬ್ಬಿಗೆ ತುಂಬಿಕೊಂಡಳು.

ಮರುದಿನ ತುಳಜನಸಾ ಮತ್ತೆ ತಲಾ ನಾಲ್ಕುನೂರು ಎಣಿಸಿ ಕೊಟ್ಟ. ಈ ಸಲ ಇಬ್ಬರೂ ಒಂದೊಂದು ಚಮಚ ಸಾರು ಬಾಯಿಗೆ ಹಾಕಿಕೊಂಡು, ಮೇಲೆ ಒಂದು ಗುಟುಕು ವೈನ್ ಆಡಿಸಿ, ಬೋಗುಣಿಗೆ ಉಗುಳಿದರು. ಉಗುಳುವಾಗ ಅವನ ಜೀವ ಈಗಲೂ ಚುರ್ ಎನ್ನುತ್ತಿತ್ತು, ಆದರೂ ಉಗುಳಿದ. ಮೊದಲನೆಯದು ಖಾರದ ಮುಂದೆ ಸತ್ತೇ ಹೋಯಿತು. ಹಿಂದಿನ ದಿನ ಅವನು ಗಂಟು ಬಿಚ್ಚಿದ್ದ ಆ ಆರನೆಯದಂತೂ ಸಾರಿನ ಜೊತೆ ಸೇರಿ ಬಾಯಿಯನ್ನೇ ಕಹಿ ಮಾಡಿತು. ಎರಡನೆಯದು ಮಾತ್ರ ಖಾರವನ್ನು ತಣಿಸಿ, ನಾಲಿಗೆಯನ್ನು ಮುಂದಿನ ತುತ್ತಿಗೆ ಸಜ್ಜು ಮಾಡಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಇದ ನೋಡ್ರೀ ನಮ್ಮದು!" ಎಂದಳು ರೇಣುಕಾಬಾಯಿ.

"ಹೌದಲ್ಲ! ಇಂಥಾದ್ದು ನಿನ್ನೆ ಯಾಕ ಕೊಡಲಿಲ್ರೀ ಅಕ್ಕಾರ?" ಎಂದು ತುಳಜನಸಾ ಬೆರಗಾಗಿ ಕೇಳಿದ.

"ಕೊಟ್ಟಿದ್ನಲ್ರೀ," ಎಂದಳು ಇಂದುಮತಿ. "ನೀವು ಎರಡು ಗ್ಲಾಸ್ ಕುಡಿದ್ರಿ."

ನೀತಿ: ತಿಳಿದುಕೊಳ್ಳಲೆಂದು ಕೊಟ್ಟ ದುಡ್ಡನ್ನು ಹೊಟ್ಟೆಗೆ ಇಳಿಸಿ ವಸೂಲು ಮಾಡಲು ಹೋದವನಿಗೆ ದುಡ್ಡೂ ದಕ್ಕುವುದಿಲ್ಲ, ತಿಳಿವಳಿಕೆಯೂ ದಕ್ಕುವುದಿಲ್ಲ. ದುಡ್ಡು ಕೊಟ್ಟ ಮೇಲೆ ಎಷ್ಟು ಸಿಕ್ಕಿತು ಎಂದು ಲೆಕ್ಕ ಹಾಕುವ ಮೊದಲು, ಯಾವುದಕ್ಕಾಗಿ ಕೊಟ್ಟೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.