ಹೋಗುವವನ ಶೆಗಡಿ

"ನಾ ಹೋಗ್ತೀನ್ರಿ ಅಜ್ಜಾರ" ಅಂದ ನಿರುಪಾದಿ.

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಗುರುವನ್ನು ಎಲ್ಲರೂ ಅಜ್ಜಾರು ಅಂತಲೇ ಕರೆಯುತ್ತಿದ್ದರು. ಅಜ್ಜಾರು ಹಿತ್ತಲ ಬೇವಿನ ಮರಕ್ಕೆ ಬೆನ್ನು ಹಚ್ಚಿ ಕೂತಿದ್ದರು. ಅವರಿಗೆ ಮೊಣಕಾಲು ಬೇನೆ. ದಿನದ ಬಹುಪಾಲು ಅಲ್ಲೇ ಕೂತಿರುತ್ತಿದ್ದರು.

"ಯಾವಾಗ?"

"ಇವತ್ತ. ಸಂಜಿ ದೋಣಿಗೆ."

"ಯಾಕಪಾ?"

ನಿರುಪಾದಿ ಮಠಕ್ಕೆ ಬಂದು ಹನ್ನೆರಡು ವರ್ಷ. ಕಡೆಯ ನಾಲ್ಕು ವರ್ಷ ಏಳು ಮಂದಿ ಹೊಸ ಶಿಷ್ಯರಿಗೆ ಪಾಠ ಹೇಳುವ ಕೆಲಸ ಅವನ ಪಾಲಿಗೆ ಬಂದಿತ್ತು.

"ದಣದೀನ್ರಿ. ನಸುಕಿನ್ಯಾಗ ಎಬ್ಬಸ್ಬೇಕು, ಕೂಡ್ರಸ್ಬೇಕು, ಹೇಳಿದ್ದನ್ನ ಮತ್ತ ಹೇಳ್ಬೇಕು. ಬೈದ್ರ ಎರಡು ದಿನ ನೆಟ್ಟಗಿರ್ತಾರ. ಮೂರನೇ ದಿನ ಅದ ರಾಗ, ಅದ ಹಾಡು. ಒಬ್ಬನ ಒಳಗೂ ಏನೂ ಹೊತ್ತವಲ್ದು. ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು ನನ್ನ ನಾಲ್ಕು ವರ್ಷ."

ಅಜ್ಜಾರು ಮೊಣಕಾಲು ನೀವಿಕೊಂಡರು. ಅದನ್ನು ನೋಡಿ ನಿರುಪಾದಿಗೆ ಸಿಟ್ಟು ಬಂತು.

"ನಿಮಗೇನ್ರಿ, ಬೇವಿನ ಬುಡಕ್ಕ ಕೂತ್ರಿ. ಎಲ್ಲಾ ನನ್ನ ಹೆಗಲಿಗೆ ಬಿತ್ತು."

ಇದನ್ನು ಅನ್ನಬಾರದಿತ್ತು ಅಂತ ಅವನಿಗೇ ಅನಿಸಿತು. ಆದರೆ ಅಂದಾಗಿತ್ತು.

"ಖರೆ ಐತಿ" ಅಂದರು ಅಜ್ಜಾರು. "ಹಂಗಾರ ಶೆಗಡಿ ಹೊತ್ತಸು."

ಆ ಮಠದಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ಬಿಟ್ಟು ಹೋಗುವವನು ಹಿತ್ತಲಲ್ಲಿ ತಾನೇ ಶೆಗಡಿಗೆ, ಅಂದರೆ ಇದ್ದಲಿ ಒಲೆಗೆ, ಇದ್ದಲಿ ಹಾಕಿ, ಕೆಂಡ ಮಾಡಿ, ಒಂದು ಬದನೆಕಾಯಿ ಸುಟ್ಟು ಗುರುವಿಗೆ ಉಣ್ಣಿಸಬೇಕು. ಗುರು ಉಂಡರೆ ಅಪ್ಪಣೆ ಆದಂತೆ. ಉಣ್ಣದಿದ್ದರೆ ಹೋಗುವಂತಿಲ್ಲ. ಇಷ್ಟೇ. ಆದರೆ ಮಠದ ಅಡುಗೆಯೆಲ್ಲ ಕಟ್ಟಿಗೆ ಒಲೆಯ ಮೇಲೆ. ಇದ್ದಲಿ ಶೆಗಡಿ ಹೊರಗೆ ಬರುತ್ತಿದ್ದದ್ದು ಯಾರಾದರೂ ಹೋಗುವಾಗ ಮಾತ್ರ. ಹಾಗಾಗಿ ಅದನ್ನು ಹೊತ್ತಿಸುವ ರೂಢಿ ಶಿಷ್ಯರಲ್ಲಿ ಯಾರಿಗೂ ಇರಲಿಲ್ಲ.

ನಿರುಪಾದಿಗೆ ಅವಸರ. ಇದ್ದಲಿಯ ಮೇಲೆ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದ. ಉರಿ ಆಳೆತ್ತರ ಎದ್ದಿತು. ಎದ್ದದ್ದೇ ತಡ, ಬದನೆಕಾಯಿ ಇಟ್ಟ. ಎಣ್ಣೆ ತೀರಿತು, ಉರಿ ಇಳಿಯಿತು. ನೋಡಿದರೆ ಇದ್ದಲಿ ಇದ್ದ ಹಾಗೇ ಕರ್ರಗಿತ್ತು. ಬದನೆಕಾಯಿಯ ಸಿಪ್ಪೆ ಸುಟ್ಟಿತ್ತು, ಒಳಗೆ ಹಸಿ.

ಅದನ್ನೇ ತಂದು ಮುಂದಿಟ್ಟ. ಅಜ್ಜಾರು ಒಂದು ಚೂರು ನಾಲಗೆಗೆ ಹಚ್ಚಿಕೊಂಡು, ತಾಟು ಪಕ್ಕಕ್ಕೆ ಸರಿಸಿದರು.

"ಚಿಮಣಿ ಎಣ್ಣಿ ಉಂಡಂಗಾತಪಾ. ಮತ್ತೊಂದು ಸಲ."

ಈ ಸಲ ಅವನು ಇದ್ದಲಿಯನ್ನು ಬಿಡಿಬಿಡಿಯಾಗಿ ಹರವಿದ, ಎಲ್ಲಕ್ಕೂ ಸಮನಾಗಿ ಗಾಳಿ ಸಿಗಲಿ ಅಂತ. ನಡುನಡುವೆ ತೆಂಗಿನ ನಾರು ತುರುಕಿ ಕಿಚ್ಚು ಹಚ್ಚಿದ. ಒಳಗಿಂದ ಊದುಗೊಳವೆ ತಂದು ಮಂಡಿಯೂರಿ ಊದತೊಡಗಿದ. ಕಟ್ಟಿಗೆ ಒಲೆ ಊದಿ ಅಭ್ಯಾಸವಿದ್ದ ಕೈ ಅದು.

ಊದಿದ ಚೂರು ಕೆಂಪಗಾಗುತ್ತಿತ್ತು. ಪಕ್ಕದ ಚೂರಿಗೆ ಹೋಗುವಷ್ಟರಲ್ಲಿ ಮೊದಲಿನದು ಕಪ್ಪಗಾಗುತ್ತಿತ್ತು. ಮತ್ತೆ ಇದಕ್ಕೆ ಬಂದ. ಅದು ಆರಿತು. ಹೀಗೆ ಎಷ್ಟೋ ಹೊತ್ತು. ಗಡ್ಡದ ತುಂಬ ಬೂದಿ, ಕಣ್ಣು ಕೆಂಡದಂತಾದವು, ಶೆಗಡಿಯಲ್ಲಿ ಮಾತ್ರ ಕೆಂಡ ಇಲ್ಲ.

ತಲೆ ತಿರುಗಿ ಅವನು ಅಲ್ಲೇ ಕುಸಿದು ಕೂತ.

"ಇದಕ್ಕ ಊದಿದ್ರ ಅದು ಆರತೈತಿ, ಅದಕ್ಕ ಊದಿದ್ರ ಇದು ಆರತೈತಿ. ನನ್ನ ಉಸಿರ ತೀರಿತ್ರಿ ಅಜ್ಜಾರ. ಹೋಗಾಕೂ ಆಗವಲ್ದು, ಇರಾಕೂ ಆಗವಲ್ದು."

ಅವನಿಗೆ ಅಳು ಬಂತು. ಅತ್ತ. ನಲವತ್ತರ ಗಂಡಸು ಬದನೆಕಾಯಿ ಮುಂದೆ ಇಟ್ಟುಕೊಂಡು ಅಳುವುದನ್ನು ನೋಡಿ ನಗು ಬರಬೇಕು. ಅಜ್ಜಾರು ನಗಲಿಲ್ಲ. ಒಂದು ಕೈ ಮರಕ್ಕೆ, ಒಂದು ಕೈ ಮೊಣಕಾಲಿಗೆ ಕೊಟ್ಟು, ಶಿವಶಿವಾ ಅನ್ನುತ್ತ ಎದ್ದರು.

ಕೊಟ್ಟಿಗೆಯಿಂದ ಒಂದು ಹಳೆಯ ಎಣ್ಣೆ ಡಬ್ಬಿ ತಂದರು. ಅದಕ್ಕೆ ತಳವೂ ಇಲ್ಲ, ಮುಚ್ಚಳವೂ ಇಲ್ಲ. ಅದನ್ನು ಶೆಗಡಿಯ ಜಾಲರಿಯ ಮೇಲೆ ನಿಲ್ಲಿಸಿದರು. ಒಳಗೆ ಮೊದಲು ಒಂದು ಹಿಡಿ ಒಣ ಪುರಲೆ, ಒಂದು ಚೂರು ಸಗಣಿ ಕುಳ್ಳು. ಅದರ ಮೇಲೆ ಹರವಿದ್ದ ಇದ್ದಲಿಯನ್ನೆಲ್ಲ ಬಾಚಿ ಒಟ್ಟಿಗೆ ಸುರಿದರು. ಕೆಳಗಿನಿಂದ ಒಂದೇ ಕಡ್ಡಿ ಗೀರಿ ಹಿಡಿದರು.

"ಊದ್ಲೇನ್ರಿ?" ಅಂದ ನಿರುಪಾದಿ, ಕಣ್ಣು ಒರೆಸಿಕೊಂಡು.

"ಬ್ಯಾಡ."

"ಬೀಸಣಿಕಿ ತರ್ಲಿ?"

"ಬ್ಯಾಡ."

"ಮತ್ತ ನಾ ಏನ್ ಮಾಡ್ಲಿ?"

"ಇಲ್ಲಿ ಬಾ. ಮರಕ್ಕ ಬೆನ್ನು ಹಚ್ಚು."

ಇಬ್ಬರೂ ಕೂತರು. ಡಬ್ಬಿಯ ಬಾಯಿಂದ ದಟ್ಟವಾಗಿ ಬಿಳಿ ಹೊಗೆ ಬರುತ್ತಿತ್ತು. ನಿರುಪಾದಿ ನೋಡಲು ಎದ್ದ. ಅಜ್ಜಾರು ಅವನ ಧೋತರದ ಅಂಚು ಹಿಡಿದು ಕೂರಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ. ಮತ್ತೆ ಕೂರಿಸಿದರು.

"ಎಷ್ಟೊತ್ತು ಬೇಕ್ರಿ?"

"ನನಗೇನ್ ಗೊತ್ತು."

"ಆರಿಬಿಟ್ರ?"

"ಆರಿದ್ರ ಆರತೈತಿ. ಸುಮ್ನ ಕೂಡಪಾ, ನನಗೂ ಸಾಕಾಗೈತಿ."

ಬೇವಿನ ನೆರಳು ತಂಪಾಗಿತ್ತು. ನಾಲ್ಕು ವರ್ಷದಲ್ಲಿ ನಿರುಪಾದಿ ಹಗಲು ಹೊತ್ತಿನಲ್ಲಿ ಬೆನ್ನು ಹಚ್ಚಿ ಕೂತದ್ದೇ ಇಲ್ಲ. ಕಣ್ಣು ಯಾವಾಗ ಮುಚ್ಚಿದವೋ ಅವನಿಗೆ ತಿಳಿಯಲಿಲ್ಲ.

ಎಚ್ಚರಾದಾಗ ಬಿಸಿಲು ಓರೆಯಾಗಿತ್ತು. ಹೊಗೆ ನಿಂತಿತ್ತು. ಕೆಟ್ಟಿತು ಕೆಲಸ ಅಂತ ಓಡಿಹೋಗಿ ಡಬ್ಬಿಯಲ್ಲಿ ಇಣುಕಿದ. ತಳದಿಂದ ಬಾಯಿಯವರೆಗೆ ಒಂದಕ್ಕೊಂದು ತಾಗಿಕೊಂಡು ಅಷ್ಟೂ ಇದ್ದಲಿ ಕೆಂಡವಾಗಿತ್ತು. ಮೇಲೆ ತೆಳ್ಳಗೆ ಬೂದಿ ಕೂತಿತ್ತು.

ಅರಿವೆ ಸುತ್ತಿದ ಕೈಯಿಂದ ಡಬ್ಬಿ ಎತ್ತಿದ, ಕೆಂಡವೆಲ್ಲ ಜಾಲರಿಯ ಮೇಲೆ ಉಳಿಯಿತು. ಬದನೆಕಾಯಿ ಇಟ್ಟ. ಅದು ನಿಧಾನವಾಗಿ ಸುಕ್ಕಾಯಿತು, ಮೆತ್ತಗಾಯಿತು, ತೊಟ್ಟಿನ ಹತ್ತಿರ ರಸ ಒಸರಿತು. ಸಿಪ್ಪೆ ತೆಗೆದು, ಉಪ್ಪು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ ಕಿವುಚಿ, ರೊಟ್ಟಿಯ ಮೇಲಿಟ್ಟು ತಂದುಕೊಟ್ಟ.

ಅಜ್ಜಾರು ಚೂರೂ ಬಿಡದೆ ಉಂಡರು. ಬೆರಳು ನೆಕ್ಕಿಕೊಂಡರು.

"ಉಂಡೆ. ಅಪ್ಪಣಿ ಆತು. ಹೋಗಿ ಬಾರಪಾ."

ಅದೇ ಹೊತ್ತಿಗೆ ಹೊಳೆಯ ಕಡೆಯಿಂದ ಅಂಬಿಗ ಕೂಗಿದ. "ಬರಾವ್ರು ಲಗು ಬರ್ರಿ, ದೋಣಿ ಬಿಡ್ತೀನಿ."

ನಿರುಪಾದಿ ಕಾಲಿಗೆ ಬಿದ್ದ. ಚೀಲ ಹೆಗಲಿಗೆ ಹಾಕಿಕೊಂಡ. ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟ.

ಮಠದ ಪಡಸಾಲೆಯಿಂದ ಸಂಜೆ ಪಾಠದ ದನಿ ಬರುತ್ತಿತ್ತು. ಏಳೂ ಮಂದಿಯ ದನಿ. ಒಬ್ಬ ತಪ್ಪಿದ. ಇನ್ನೊಬ್ಬ ತಿದ್ದಿದ. ಮೂರನೆಯವನು ಅದು ಹಾಗಲ್ಲ, ಹೀಗೆ ಅಂದ. ಎಲ್ಲರೂ ಸೇರಿ ಮೊದಲಿಂದ ಹೇಳತೊಡಗಿದರು. ಈ ಸಂಜೆ ಅವರನ್ನು ಯಾರೂ ಕರೆದು ಕೂರಿಸಿರಲಿಲ್ಲ. ಕೂರಿಸುವವನು ಬೇವಿನ ಬುಡದಲ್ಲಿ ಮಲಗಿದ್ದ.

ನಿರುಪಾದಿ ಕಿವಿಗೊಟ್ಟು ಕೇಳಿದ. ಅಂಬಿಗ ಮತ್ತೆ ಕೂಗಿದ.

"ಇವತ್ತ ಬರಂಗಿಲ್ಲ, ನೀ ನಡಿ" ಅಂತ ಇವನು ಕೂಗಿ ಹೇಳಿದ.

ಚೀಲ ಇಳಿಸಿ ತಿರುಗಿ ಬಂದು ಅಜ್ಜಾರ ಪಕ್ಕದಲ್ಲಿ ಕೂತ. ಶೆಗಡಿಯಲ್ಲಿ ಕೆಂಡ ಇನ್ನೂ ಗಟ್ಟಿ ಇತ್ತು. ಏಳು ಬದನೆಕಾಯಿ ಸುಡುವಷ್ಟು ಇತ್ತು.

"ಅಜ್ಜಾರ, ಒಂದು ಮಾತು. ನನಗ ನಿದ್ದಿ ಹತ್ತಿದಾಗ ಯಾರು ಊದಿದ್ರು? ನೀವೇನ್ರಿ?"

ಅಜ್ಜಾರು ಕಾಲು ಚಾಚಿ ಮತ್ತೆ ಮರಕ್ಕೆ ಒರಗಿದರು.

"ಇಲ್ಲಪಾ. ನಿನಗಿಂತ ಮೊದ್ಲ ನಾ ಮಲ್ಕೊಂಡಿದ್ದೆ."